ನೆಟ್ಟಗೆ ನಿಲ್ಲುವ ದಂಡ

ಹಳಿಯ ಮೇಲೆ ಹಿಂದುಮುಂದಕ್ಕೆ ಸರಿಯುವ ಪುಟ್ಟ ಗಾಡಿ, ಅದರ ನೆತ್ತಿಯ ತಿರುಗಣಿಗೆ ಸಿಕ್ಕಿಸಿದ ದಂಡ, ಇಷ್ಟನ್ನು ವಿದ್ಯಾರ್ಥಿಗಳ ಕೈಗಿತ್ತು, ದಂಡವು ಬೀಳದೆ ನೆಟ್ಟಗೆ ನಿಲ್ಲುವಂತೆ ಮಾಡಿರೆಂದು ಹೇಳುವುದು ನಿಯಂತ್ರಣಶಾಸ್ತ್ರದ ಬೋಧನೆಯಲ್ಲಿ ಬಹುಕಾಲದಿಂದ ರೂಢವಾದ ಅಭ್ಯಾಸ. ಅಂಗೈಯಲ್ಲಿ ಕೋಲು ನಿಲ್ಲಿಸುವ ಬಾಲಕನು ಕಣ್ಣಿನಿಂದ ಅಳೆದು ಕೈಯಿಂದ ತಿದ್ದುವ ಕೆಲಸವನ್ನೇ ಇಲ್ಲಿ ಸಂವೇದಕವೂ ಮೋಟಾರೂ ಮಾಡತಕ್ಕದ್ದು.

ದೋಷವು, ಎಂದರೆ ಬಯಸಿದ ಸ್ಥಿತಿಗೂ ವಾಸ್ತವ ಸ್ಥಿತಿಗೂ ನಡುವಣ ಅಂತರವು, ಈಗ ಎಷ್ಟಿದೆ, ಈವರೆಗೆ ಎಷ್ಟು ಸಂಚಿತವಾಗಿದೆ, ಯಾವ ವೇಗದಿಂದ ಬದಲಾಗುತ್ತಿದೆ ಎಂಬ ಮೂರನ್ನು ಆಧರಿಸಿ ತಿದ್ದುವ ಕ್ರಮವನ್ನು, ಹಡಗಿನ ಚುಕ್ಕಾಣಿ ಹಿಡಿದವರ ವರ್ತನೆಯನ್ನು ಅವಲೋಕಿಸಿ, 1922ರಲ್ಲಿ ನಿಕೊಲಸ್ ಮಿನಾರ್ಸ್ಕಿಯು ಗಣಿತದಲ್ಲಿ ನಿರೂಪಿಸಿದನು. ಸೂತ್ರವು ಒಂದೇ ಸಾಲಿನದು. ವಿದ್ಯಾರ್ಥಿಯ ಕಷ್ಟವು ಅದರ ಅನಂತರ ಆರಂಭವಾಗುತ್ತದೆ. ತಿದ್ದುವ ಬಲ ಸಾಲದಿದ್ದರೆ ದಂಡವು ಉರುಳುತ್ತದೆ, ಹೆಚ್ಚಿಸಿದರೆ ತೂಗಾಡುತ್ತದೆ, ಬದಲಾವಣೆಯ ವೇಗಕ್ಕೆ ಪ್ರಾಧಾನ್ಯವನ್ನಿತ್ತು ಆ ತೂಗಾಟವನ್ನು ಶಮನಗೊಳಿಸಹೊರಟರೆ, ಸಂವೇದಕದ ಕ್ಷುದ್ರ ಕಂಪನಗಳೇ ವರ್ಧಿಸಿ ಮೋಟಾರು ಗಡಗಡನೆ ನಡುಗುತ್ತದೆ. ಘರ್ಷಣೆ, ಹಲ್ಲುಚಕ್ರಗಳ ಸಡಿಲು, ಗಣನೆಯ ವಿಳಂಬ, ಇವನ್ನು ಪಠ್ಯದ ಸಮೀಕರಣಗಳು ಸಾಮಾನ್ಯವಾಗಿ ಉಪೇಕ್ಷಿಸುತ್ತವೆ. ಆದುದರಿಂದಲೇ ನಿಂತ ದಂಡಕ್ಕಿಂತ, ಬಿದ್ದ ದಂಡಗಳ ಲೇಖಾಚಿತ್ರವಿರುವ ದಿನಚರಿಗೆ ಅಧಿಕ ಅಂಕಗಳು ಸಲ್ಲಬೇಕೆಂದು ನನ್ನ ಮತ. ಪರೀಕ್ಷಕರು ಒಪ್ಪುವರೋ ಕಾಣೆ.

ದಂಡವು ನಿಂತಿತೆಂದು ಹಿಗ್ಗುವಷ್ಟರಲ್ಲಿ ಗಾಡಿಯು ಮೆಲ್ಲನೆ ಜಾರಿ ಹಳಿಯ ತುದಿಗೆ ಬಡಿಯುವುದುಂಟು. ಆಗ ಕೋನದೊಡನೆ ಸ್ಥಾನವನ್ನೂ ಅದೇ ಒಂದು ಮೋಟಾರಿನಿಂದ ಆಳಬೇಕಾಗುತ್ತದೆ. ಬಲಕ್ಕೆ ಹೋಗಬೇಕಾದ ಗಾಡಿಯು ಮೊದಲು ತುಸು ಎಡಕ್ಕೆ ಸರಿದು, ದಂಡವನ್ನು ಬಲಕ್ಕೆ ವಾಲಿಸಿಕೊಂಡು, ಬಳಿಕವೇ ಅದರ ಬೆನ್ನಟ್ಟಿ ಹೊರಡಬೇಕೆಂಬುದನ್ನು ತರುಣರು ಸಮೀಕರಣದಲ್ಲಿ ಓದಿದಾಗ ನಂಬುವುದಿಲ್ಲ, ಹಳಿಯ ಮೇಲೆ ಕಂಡಾಗ ಪುನಃ ಸಮೀಕರಣವನ್ನು ತೆರೆದು ನೋಡುತ್ತಾರೆ.