ಹಿತ್ತಲಿನ ಮಿಲಿಟರಿ ಲಾರಿ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು ಲಾರಿಯ ವಿಷಯ ಏನು ಮಾತನಾಡಿಯಾನು ಎಂದು ತಮಗೆ ಅನ್ನಿಸಿದರೆ ಅದು ತಪ್ಪಲ್ಲ. ಕಂದಪದ್ಯ ಬಿಡಿಸುವ ಕೈ ಬೇರೆ, ಪಾನಾ ಹಿಡಿಯುವ ಕೈ ಬೇರೆ. ಆದರೂ ಎರಡು ವರ್ಷಗಳಿಂದ ನಾನು ಭಾನುವಾರ ಬಂತೆಂದರೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ, ನಮ್ಮ ಭಾವನವರ ಹಿತ್ತಲಿನಲ್ಲಿ ಹಳೆಯದೊಂದು ಮಿಲಿಟರಿ ಲಾರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೇನೆ. ನನಗೆ ಒಪ್ಪಿಸಿರುವ ಕೆಲಸ ಎರಡು. ತುಕ್ಕು ಹಿಡಿದ ಬೋಲ್ಟುಗಳನ್ನು ಡೀಸೆಲ್ ತಟ್ಟೆಯಲ್ಲಿ ನೆನೆಹಾಕಿ ಉಜ್ಜುವುದು ಒಂದು. ತಂದೆ ಮಗನ ವ್ಯಾಜ್ಯಕ್ಕೆ ಪಂಚಾಯಿತಿ ಮಾಡುವುದು ಇನ್ನೊಂದು. ಎರಡನೆಯದೇ ಹೆಚ್ಚು ಜಿಡ್ಡಿನ ಕೆಲಸ.

ಲಾರಿಯ ಕುಲಗೋತ್ರವನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಕೆನಡಾ ದೇಶವೊಂದೇ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನಗಳನ್ನು ಮಾಡಿ ಕಳುಹಿಸಿತು. ಅಂಗಡಿಯಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಫೋರ್ಡ್ ಮತ್ತು ಷೆವರ್ಲೆ ಕಂಪೆನಿಗಳು ಆಗ ಒಂದೇ ಮಾದರಿ ಇಟ್ಟುಕೊಂಡು ಲಾರಿ ಕಟ್ಟಿದವು. ಒಂದೇ ಮೂಲವನ್ನು ಇಬ್ಬರು ಲಿಪಿಕಾರರು ಪ್ರತಿಮಾಡಿದ ಹಾಗೆ. ನಮ್ಮದು ಷೆವರ್ಲೆಯ ಪ್ರತಿ. ಮೂರು ಟನ್ನಿನದು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವುಳ್ಳದ್ದು. ಮೂಗು ಮೊಂಡು. ಮುಂದಿನ ಗಾಜು ಎಲ್ಲ ವಾಹನಗಳಂತೆ ಹಿಂದಕ್ಕೆ ಒರಗಿಲ್ಲ. ಮೇಲ್ಗಡೆ ಮುಂದಕ್ಕೆ ಚಾಚಿ, ಕೆಳಗಡೆ ಒಳಕ್ಕೆ ಸರಿದಿದೆ. ಬಿಸಿಲು ಗಾಜಿಗೆ ಬಿದ್ದು ಹೊಳೆದರೆ ಆಕಾಶದಲ್ಲಿರುವ ಶತ್ರುವಿಮಾನಕ್ಕೆ ಗುರುತು ಸಿಕ್ಕೀತು ಎಂಬ ಎಚ್ಚರದಿಂದ ಹಾಗೆ ಮಾಡಿದ್ದು. ಇದರಿಂದ ಲಾರಿಗೆ ಸದಾ ಹುಬ್ಬುಗಂಟಿಕ್ಕಿದ ಮುಖ. ಎಂಜಿನ್ನು ಚಾಲಕನ ಪಕ್ಕಕ್ಕೇ ನುಗ್ಗಿ ಕೂತಿರುವುದರಿಂದ ಕಾಲಿಡಲು ಜಾಗ ಸಾಲದು, ಬೇಸಗೆಯಲ್ಲಂತೂ ಒಲೆಯ ಪಕ್ಕ ಕೂತಂತೆಯೇ.

1945 ರಲ್ಲಿ ಯುದ್ಧ ಮುಗಿಯಿತು. ಸರ್ಕಾರ ಇಂಥ ಲಾರಿಗಳನ್ನು ಹರಾಜಿಗೆ ಹಾಕಿತು. ಜನ ಅವುಗಳನ್ನು ‘ಡಿಸ್ಪೋಸಲ್ ಲಾರಿ’ ಎಂದು ಕರೆದರು. ಮಲೆನಾಡಿನ ಕೂಪುಗಳಿಂದ ನಾಟಾ ಹೊರಲು ಇವು ಹೇಳಿ ಮಾಡಿಸಿದಂತಿದ್ದವು. ಮರಳಿನಲ್ಲಿ ಹೂತುಕೊಳ್ಳದಿರಲೆಂದು ಮಾಡಿದ ನಾಲ್ಕು ಚಕ್ರದ ಎಳೆತ ನಮ್ಮ ಕೆಂಪು ಕೆಸರಿಗೂ ಒಗ್ಗಿತು. ನಮ್ಮ ಮಾವನವರು 1958 ರಲ್ಲಿ ಈ ಲಾರಿಯನ್ನು ಮೂರನೆಯ ಕೈಯಿಂದ ಕೊಂಡರು. ಪೆಟ್ರೋಲಿನ ಖರ್ಚು ತಾಳಲಾರದೆ ಹಳೆಯ ಎಂಜಿನ್ನನ್ನು ಕೀಳಿಸಿ, ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು. ಆ ಕಾಲದಲ್ಲಿ ಎಷ್ಟೋ ಜನ ಹೀಗೆಯೇ ಮಾಡಿದರು. ಮದರಾಸಿನ ಸಿಂಪ್ಸನ್ನಿನವರು ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲಿಯೇ ತಯಾರಿಸತೊಡಗಿದ್ದರು. ಹಿಂಬದಿಯ ತಗಡಿನ ಗೂಡನ್ನು ತೆಗೆಸಿ, ಮತ್ತಿಮರದ ಕಂಬ ನಿಲ್ಲಿಸಿ, ದಿಮ್ಮಿ ಹೊರುವ ಹಾಗೆ ಬಡಗಿಯಿಂದ ಕಟ್ಟಿಸಿದರು. ಹಸುರು ಬಣ್ಣದ ಮೇಲೆ ನೀಲಿ ಬಂತು. 1980 ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೂಪಿನ ಕೆಲಸ ತಗ್ಗಿತು. 1984 ರಲ್ಲಿ ಲಾರಿ ಹಿತ್ತಲಿನ ಹಲಸಿನ ಮರದಡಿ ನಿಂತದ್ದು, ಗುಜರಿಯವರು ಎಷ್ಟು ಸಲ ಬಂದು ಬೆಲೆ ಕಟ್ಟಿದರೂ ಅಲ್ಲಿಂದ ಏಳಲಿಲ್ಲ.

ಭಾವನವರು ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಲೇತು ತಿರುಗಿಸಿ ನಿವೃತ್ತರಾದವರು. ಮಗ ಡಿಪ್ಲೊಮಾ ಓದಿದ ಹುಡುಗ. ಲಾರಿಯನ್ನು ಮತ್ತೆ ಎಬ್ಬಿಸಬೇಕೆಂಬಲ್ಲಿ ಇಬ್ಬರದೂ ಒಂದೇ ಮನಸ್ಸು. ಯಾವ ಲಾರಿಯಾಗಿ ಎಬ್ಬಿಸಬೇಕೆಂಬಲ್ಲಿ ಎರಡು. ಹುಡುಗ ನನ್ನ ಮುಂದೆ ವಾದ ಹೂಡಿದ. “ಮಾವ, ನೀವೇ ಹೇಳಿ. ಇದು 1940 ರ ದಶಕದ ಮಿಲಿಟರಿ ಗಾಡಿ. ಇದಕ್ಕೆ ಮರದ ಕಂಬ ಯಾಕೆ, ಪರ್ಕಿನ್ಸ್ ಯಾಕೆ? ಮೂಲದಲ್ಲಿ ಹೇಗಿತ್ತೋ ಹಾಗೆ ಮಾಡಬೇಕಲ್ವಾ?” ಭಾವನವರು ತಲೆ ಎತ್ತದೆಯೇ, “ಮೇಷ್ಟ್ರೇ, ಮಿಲಿಟರಿಯಲ್ಲಿ ಇದು ಇದ್ದದ್ದು ಎಷ್ಟು ವರ್ಷ? ಮೂರೋ ನಾಲ್ಕೋ. ನಮ್ಮ ಅಪ್ಪನ ಕೈಯಲ್ಲಿ ಇಪ್ಪತ್ತಾರು ವರ್ಷ ದುಡಿದಿದೆ. ನಮ್ಮ ಅನ್ನ ಇದರದ್ದು. ಮೂಲ ಅಂದರೆ ಯಾವುದು?” ಎಂದರು.

ಪಂಡಿತನಿಗೆ ಇದು ಪರಿಚಿತವಾದ ಪ್ರಶ್ನೆ. ಓಲೆಗರಿಯ ಪ್ರತಿ ಕೈಗೆ ಬಂದಾಗ ಕವಿ ಬರೆದದ್ದು ಯಾವುದು, ಪ್ರತಿಕಾರ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುತ್ತೇವೆ, ಸೇರಿದ್ದನ್ನು ಪ್ರಕ್ಷಿಪ್ತವೆನ್ನುತ್ತೇವೆ. ಆದರೆ ಕಿತ್ತು ಬಿಸಾಡುವುದಿಲ್ಲ, ಅಡಿಟಿಪ್ಪಣಿಯಲ್ಲಾದರೂ ಉಳಿಸುತ್ತೇವೆ. ಇನ್ನೊಂದು ಮರ್ಯಾದೆಯೂ ಉಂಟು. ಬಿ. ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8 ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದಾಗ, ಕಲ್ಲು ಸವೆದು ಅಕ್ಷರ ಅಳಿದ ಕಡೆ ಚುಕ್ಕಿಗಳನ್ನಿಟ್ಟರು. ಊಹಿಸಿ ತುಂಬುವುದು ಅವರಿಗೆ ಕಷ್ಟವಾಗಿರಲಿಲ್ಲ. ಲಾರಿಯಲ್ಲಿ ಚುಕ್ಕಿ ಇಡುವುದು ಹೇಗೆ ಎಂದು ಹುಡುಗ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಪಂಚಾಯಿತಿ ತೀರುವ ಮೊದಲೇ ಒಂದು ಅಪಾಯ ಒದಗಿ ತಪ್ಪಿತು. ಈ ಲಾರಿಯ ಚಕ್ರ ಎರಡು ಹೋಳಿನದು. ಹೋಳುಗಳನ್ನು ಒಂದು ಸುತ್ತಿನ ನಟ್ಟುಗಳು ಬಿಗಿದಿರುತ್ತವೆ. ಚಕ್ರವನ್ನು ಲಾರಿಗೆ ಬಿಗಿಯುವ ನಟ್ಟುಗಳ ಸುತ್ತೇ ಬೇರೆ. ಟೈರಿನಲ್ಲಿ ಗಾಳಿಯಿರುವಾಗ ಮೊದಲಿನ ಸುತ್ತನ್ನು ಬಿಚ್ಚಿದರೆ ಹೋಳು ಸಿಡಿದು, ಎದುರಿಗಿದ್ದವನು ಉಳಿಯುವುದಿಲ್ಲ. ಅದಕ್ಕಾಗಿಯೇ ಸೈನ್ಯದಲ್ಲಿ ಆ ನಟ್ಟುಗಳಿಗೆ ಕೆಂಪು ಬಳಿಯುತ್ತಿದ್ದರು. ನಮ್ಮ ಲಾರಿಯಲ್ಲಿ ಕೆಂಪಿನ ಮೇಲೆ ನೀಲಿ ಕೂತು ಎರಡು ಸುತ್ತೂ ಒಂದೇ ಆಗಿದ್ದವು. ಸ್ಟೆಪ್ನಿಗೆ ಹೊಸದಾಗಿ ಗಾಳಿ ತುಂಬಿಸಿ ತಂದಿದ್ದ ದಿನ, ಹುಡುಗ ಏನೋ ಸರಿಪಡಿಸಲೆಂದು ಪಾನಾ ಹಾಕಿ ಒಂದು ನಟ್ಟು ಸಡಿಲಿಸಿ ಎರಡನೆಯದಕ್ಕೆ ಕೈ ಹಾಕಿದ್ದ. ಭಾವನವರು ಅಡುಗೆಮನೆಯ ಬಾಗಿಲಿನಿಂದ ಕೂಗಿದ ಕೂಗಿಗೆ ಪಾನಾ ಅವನ ಕೈಯಿಂದ ಬಿತ್ತು. ಆಮೇಲೆ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು. ಆ ಸಂಜೆಯೇ ಗಾಳಿ ಇಳಿಸಿ, ಒಂದೊಂದು ನಟ್ಟನ್ನೂ ಕೆರೆದು, ಕೆಂಪು ಬಳಿದದ್ದಾಯಿತು. ಇಡೀ ಲಾರಿಯಲ್ಲಿ ಮೂಲಪಾಠಕ್ಕೆ ಮರಳಿದ ಮೊದಲನೆಯ ಅಂಗ ಅದೇ, ಅದರ ಬಗ್ಗೆ ಯಾರದೂ ತಕರಾರಿರಲಿಲ್ಲ.

ಉಳಿದ ಬಣ್ಣದ ಮಾತನ್ನು ಕಾನೂನೇ ತೀರಿಸಿತು. 1989 ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121 ನೆಯದು, ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸುರು ಬಳಿಯಕೂಡದು ಎನ್ನುತ್ತದೆ. ಮಿಲಿಟರಿ ಲಾರಿಗೆ ಮಿಲಿಟರಿ ಬಣ್ಣ ನಿಷಿದ್ಧ! ಹುಡುಗ ಸುಲಭಕ್ಕೆ ಸೋಲಲಿಲ್ಲ; ಹಳೆಯ ವಾಹನಗಳಿಗೆಂದು 2021 ರಲ್ಲಿ ಬಂದ ನಿಯಮವನ್ನು ತೋರಿಸಿದ. 50 ವರ್ಷ ದಾಟಿದ, ಬಾಡಿಗೆಗೆ ಓಡದ ವಾಹನವನ್ನು 20,000 ರೂಪಾಯಿ ಕಟ್ಟಿ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಪ್ರದರ್ಶನಕ್ಕೆ, ರ‍್ಯಾಲಿಗೆ ರಸ್ತೆಗಿಳಿಸಬಹುದು. ಆದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೆಚ್ಚಿನ ಬದಲಾವಣೆ ಇರಕೂಡದು. ಅಲ್ಲಿಗೆ ಪರ್ಕಿನ್ಸ್ ಅಡ್ಡ ಬಂತು. ಷೆವರ್ಲೆಯ ಪೆಟ್ರೋಲ್ ಎಂಜಿನ್ ಎಲ್ಲಿಂದಲಾದರೂ ತರಿಸೋಣ ಎಂದ. “ತರಿಸಿ ಯಾವ ಪೆಟ್ರೋಲು ಹಾಕ್ತೀಯ?” ಎಂದರು ಭಾವನವರು. 2023 ರಿಂದ ಪಂಪುಗಳಿಗೆ ಬರತೊಡಗಿದ, ಶೇಕಡಾ 20 ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರಿನ ಕೊಳವೆ, ಕಾರ್ಕಿನ ಗ್ಯಾಸ್ಕೆಟ್ಟು ತಾಳುವುದಿಲ್ಲ. ನಿಜ ಹೇಳಬೇಕೆಂದರೆ ಅದು ನೆಪ. ಅಪ್ಪ ಕೂರಿಸಿದ ಎಂಜಿನ್ನನ್ನು ಕೀಳಲು ಅವರಿಗೆ ಮನಸ್ಸಿರಲಿಲ್ಲ. ನಾನೂ ಅವರ ಪಕ್ಷಕ್ಕೇ ಸೇರಿದೆ. ರಸ್ತೆಗೆ ಇಳಿಸುವ ಆಸೆ ಬಿಟ್ಟರೆ ಯಾವ ಅಪ್ಪಣೆಯೂ ಬೇಡ. ಶೆಡ್ಡಿನಿಂದ ಹಲಸಿನ ಮರದವರೆಗೆ ಹೋಗಿ ಬಂದರೆ ಸಾಕು ಎಂದು ತೀರ್ಮಾನವಾಯಿತು. ಹುಡುಗನ ಮುಖ ಎರಡು ಭಾನುವಾರ ಬಾಡಿತ್ತು.

ಕೆಲಸ ನಡೆದ ಬಗೆಯನ್ನು ವಿವರಿಸುತ್ತ ಹೋದರೆ ಸಮಯ ಸಾಲದು. ಕಮಾನು ಪಾಟಾಗಳ ಪಿನ್ನು ಸವೆದು ಅಂಡಾಕಾರವಾಗಿದ್ದವು; ಅಂಗಡಿಯಲ್ಲಿ ಸಿಕ್ಕುವ ಸಾಮಾನಲ್ಲ. ಭಾವನವರ ಹಳೆಯ ಜೊತೆಗಾರರೊಬ್ಬರ ಮನೆಯಲ್ಲಿ ಸಣ್ಣ ಲೇತು ಇದೆ. ಇಬ್ಬರು ಮುದುಕರೂ ಕೂತು ಗನ್‌ಮೆಟಲ್ಲಿನಲ್ಲಿ ಎಂಟು ಬುಷ್ ತಿರುಗಿಸಿದರು. ಒಂದೊಂದನ್ನೂ ಅಳತೆಗೋಲಿನಲ್ಲಿ ಹಿಡಿದು, ಕೂದಲೆಳೆ ವ್ಯತ್ಯಾಸವಿದ್ದರೂ ಪಕ್ಕಕ್ಕಿಟ್ಟು ಇನ್ನೊಂದು ಮಾಡಿದರು. ಬೆಂಕಿಪುರವೆಂದು ಹೆಸರಿದ್ದ ಊರಿನಲ್ಲಿ 1923 ರಿಂದ ಕಬ್ಬಿಣ ಕರಗಿದ್ದರ ಫಲ ಉಕ್ಕಿನ ಜೊತೆಗೆ ಇಂಥ ಕೈಗಳೂ ಹೌದು ಎಂದು ನಾನು ಅಲ್ಲಿ ಕೂತು ನೋಡಿದೆ. ನೆಲದ ತಗಡು ಪೂರ್ತಿ ಕೊಳೆತಿತ್ತು, ಹೊಸದು ಹಾಕಿದೆವು. ಹಾಕಿದ ತಗಡಿಗೆ ಬೇಕೆಂದೇ ಬೂದು ಬಣ್ಣ ಕೊಟ್ಟೆವು, ಹಳೆಯದರ ಜೊತೆ ಬೆರೆಯದಿರಲೆಂದು. “ಇದು ನಿಮ್ಮ ಚುಕ್ಕಿ, ಮಾವ” ಎಂದ ಹುಡುಗ. ಬಾನೆಟ್ಟಿನ ಪಕ್ಕದಲ್ಲಿ ನೀಲಿಯನ್ನು ಅವನೇ ನಯವಾಗಿ ಉಜ್ಜಿ, ಅಡಿಯಲ್ಲಿ ಬಿಳಿಯದೊಂದು ‘ಎಲ್’ ಅಕ್ಷರವನ್ನೂ ಮೂರು ಅಂಕಿಗಳನ್ನೂ ಹೊರತೆಗೆದ. ಅದು ಸೈನ್ಯ ಕೊಟ್ಟ ಸಂಖ್ಯೆ. ಅಂಗೈಯಗಲದ ಆ ಜಾಗವನ್ನು ಹಾಗೆಯೇ ಬಿಟ್ಟಿದ್ದೇವೆ.

ಕಳೆದ ಕಾರ್ತಿಕದಲ್ಲಿ ಎಂಜಿನ್ನು ಹತ್ತಿತು. ಹೊಗೆ ಕಡಿಮೆಯಾಗಲು ಕಾಲು ಗಂಟೆ ಬೇಕಾಯಿತು. ಬ್ರೇಕಿನ ಕೆಲಸ ಇನ್ನೂ ಮುಗಿದಿಲ್ಲ. ಚಕ್ರಕ್ಕೆ ಮರದ ತುಂಡು ಕೊಟ್ಟೇ ಹತ್ತಿಸುವುದು.

ಒಂದು ಮಾತು ಉಳಿಯಿತು. ಚಾಲಕನ ಬಾಗಿಲಿನ ಒಳಭಾಗದಲ್ಲಿ ಮಾವನವರು ಮೊಳೆಯಿಂದ ಗೀಚಿದ ಗೀಟುಗಳಿದ್ದವು, ಐದೈದರ ಗುಂಪು. ಬಹುತೇಕ ಗುಂಪುಗಳ ಮೇಲೆ ಅಡ್ಡಗೆರೆ. ಇವು ಹೊತ್ತ ನಾಟಾದ ಲೆಕ್ಕವೆಂದು ನಾನು ವ್ಯಾಖ್ಯಾನ ಮಾಡಿ, ಹುಡುಗನ ಕೈಯಲ್ಲಿ ಬರೆಸಿಯೂ ಇಟ್ಟಿದ್ದೆ. ನಮ್ಮ ಅತ್ತೆಯವರಿಗೆ ಈಗ ಎಂಬತ್ತೇಳು. ಎಂಜಿನ್ನಿನ ಸದ್ದಿಗೆ ಗೋಡೆ ಹಿಡಿದು ಹಿತ್ತಲಿಗೆ ಬಂದವರು ಬಾಗಿಲನ್ನು ನೋಡಿ ನಕ್ಕರು. “ನಾಟಾನೂ ಇಲ್ಲ, ಮಣ್ಣೂ ಇಲ್ಲ. ಪಂಪಿನವರ ಹತ್ತಿರ ಸಾಲ ತಂದ ಡೀಸೆಲ್ಲು ಅದು. ತೀರಿಸಿದ ಮೇಲೆ ಗೆರೆ ಎಳೀತಿದ್ರು” ಎಂದರು. ಕೊನೆಯ ಏಳು ಗೀಟಿನ ಮೇಲೆ ಗೆರೆಯಿಲ್ಲ. ಆ ಪಂಪು ಈಗಿಲ್ಲ. ಅದರ ಯಜಮಾನರೂ ಇಲ್ಲ. ಅವರ ಮಕ್ಕಳು ಶಿವಮೊಗ್ಗದಲ್ಲಿದ್ದಾರೆಂದು ತಿಳಿದು, ಬರುವ ವಾರ ಭಾವನವರು ನಮ್ಮ ಮನೆಗೆ ಬರುತ್ತಿದ್ದಾರೆ. ಅಲ್ಲಿಯವರೆಗೆ ಆ ಬಾಗಿಲಿಗೆ ಬಣ್ಣ ಹಚ್ಚುವುದು ಬೇಡವೆಂದು ಹುಡುಗನಿಗೆ ಹೇಳಿ ಬಂದಿದ್ದೇನೆ.