ನೀರುಳ್ಳಿ ಬೇಡ ಎನ್ನುವ ಬಗೆ



ಪ್ರವಾಸಕ್ಕೆಂದು ದಕ್ಷಿಣ ಕನ್ನಡದ ಕಡೆ ಬಂದವರು ಕಾರ್ಕಳ, ಮೂಡುಬಿದಿರೆಗಳನ್ನು ನೋಡಿಕೊಂಡು ವೇಣೂರಿಗೂ ಬರುವುದುಂಟು. ಫಲ್ಗುಣಿ ನದಿಯ ದಡದ ಈ ಊರಿನಲ್ಲಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಏಕಶಿಲಾ ಮೂರ್ತಿ ಇದೆ. ಮೂರ್ತಿ ನೋಡಿ, ಹೊಟ್ಟೆ ಹಸಿದು, ಎಲ್ಲರೂ ಒಂದು ಹೋಟೆಲಿಗೆ ಹೋಗುತ್ತೀರಿ. ನಿಮ್ಮ ಗುಂಪಿನಲ್ಲಿ ವ್ರತನಿಯಮ ಪಾಲಿಸುವ ಜೈನ ಮನೆಯ ಗೆಳೆಯನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಈ ಕಡೆ ನೀರುಳ್ಳಿ ಎನ್ನುವ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಮೊದಲಾದ ನೆಲದೊಳಗೆ ಬೆಳೆಯುವ ಪದಾರ್ಥಗಳನ್ನು ಅವನು ತಿನ್ನುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಎಲ್ಲರಿಗೂ ಮಸಾಲೆ ದೋಸೆ ಬಂತು. ಅವನು ಹಸಿದು ಕೂರಬೇಕೆ? ಕೇಳುವುದಾದರೆ ಹೇಗೆ ಕೇಳಬೇಕು?

ಮೊದಲನೆಯ ಮಾತು: ಕೇಳುವುದು ತಪ್ಪಲ್ಲ. ಈ ಕರಾವಳಿಯ ಹೋಟೆಲುಗಳಲ್ಲಿ ಊಟಕ್ಕೆ ಕೂತರೆ "ಕುಚ್ಚಲಕ್ಕಿಯೋ, ಬೆಳ್ತಿಗೆಯೋ?" ಎಂದು ಬಡಿಸುವವರೇ ಕೇಳುತ್ತಾರೆ. ಒಂದರ ಬದಲು ಇನ್ನೊಂದನ್ನು ಕೊಡುವ ಪದ್ಧತಿ ಇಲ್ಲಿ ಹೊಸದೇನಲ್ಲ.

ಎರಡನೆಯದು, ಅಡಿಗೆಮನೆಯ ಕೆಲಸ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ ಇರಬೇಕು. ಸಾಂಬಾರು ದೊಡ್ಡ ಪಾತ್ರೆಯಲ್ಲಿ ಮೊದಲೇ ಕುದಿದಿರುತ್ತದೆ. ಅದರಿಂದ ನೀರುಳ್ಳಿಯನ್ನು ಹೆಕ್ಕಿ ತೆಗೆಯಲು ಯಾವ ಭಟ್ಟರಿಂದಲೂ ಆಗದು. ಆದರೆ ದೋಸೆ ಆಗಿಂದಾಗ ಕಾವಲಿಯ ಮೇಲೆ ಹೊಯ್ಯುವಂಥದು. ಪಲ್ಯ ಇಡಬೇಡಿ, ಒಳಗೆ ಕೆಂಪು ಚಟ್ನಿ ಸವರಬೇಡಿ ಎಂದರೆ ಸುಲಭವಾಗಿ ನಡೆಯುತ್ತದೆ. ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇರುವುದೇ ಹೆಚ್ಚು. ನೀರುದೋಸೆಗೆ ಬೇಕಾದದ್ದು ಅಕ್ಕಿ, ನೀರು, ಉಪ್ಪು; ಕೆಲವರು ತೆಂಗಿನಕಾಯಿ ಸೇರಿಸುತ್ತಾರೆ. ಹಾಗಾಗಿ ನಿಮ್ಮ ಗೆಳೆಯ "ಮಸಾಲೆ ದೋಸೆಯನ್ನೇ ಬದಲಿಸಿ ಕೊಡಿ" ಎಂದು ಹಟ ಹಿಡಿಯುವುದಕ್ಕಿಂತ "ನೀರುದೋಸೆ ಉಂಟಾ? ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದೀರಾ?" ಎಂದು ಕೇಳುವುದು ಜಾಣತನ. ಕೇಳಬೇಕಾದ ಹೊತ್ತು ಆರ್ಡರ್ ಕೊಡುವಾಗ. ತಟ್ಟೆ ಮೇಜಿಗೆ ಬಂದ ಮೇಲೆ ಕೇಳಿದರೆ ಆ ತಿಂಡಿಯೂ ಹಾಳು, ಬಡಿಸುವವರಿಗೂ ಬೈಗುಳ.

ಮೂರನೆಯದು ಮಾತಿನ ಧಾಟಿ. "ಏಯ್ ಮಾಣಿ" ಎಂದು ಕೂಗುವುದು, ಚಿಟಿಕೆ ಹೊಡೆಯುವುದು ಬೇಡ. "ಅಣ್ಣ, ನಾನು ನೀರುಳ್ಳಿ ತಿನ್ನುವುದಿಲ್ಲ. ಇದರಲ್ಲಿ ಇದೆಯಾ, ಸ್ವಲ್ಪ ಕೇಳಿ ಹೇಳ್ತೀರಾ?" ಎಂದರೆ ಸಾಕು. ಇದು ಬರಿಯ ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ಗದರಿಸಿ ಕೇಳಿದವನಿಗೆ ಬಡಿಸುವವನು ತಪ್ಪಿಸಿಕೊಳ್ಳಲು "ಇಲ್ಲ, ಇಲ್ಲ, ಹಾಕಿಲ್ಲ" ಎಂದುಬಿಡುತ್ತಾನೆ. ನಯವಾಗಿ ಕೇಳಿದವನಿಗಾಗಿ ಒಳಗೆ ಹೋಗಿ ವಿಚಾರಿಸಿ ಬರುತ್ತಾನೆ. ನಮಗೆ ಬೇಕಾದದ್ದು ನಿಜವಾದ ಉತ್ತರ.

ವ್ರತದ ವಿಷಯದಲ್ಲಿ ಸುಳ್ಳು ಉತ್ತರ ಮನಸ್ಸಿಗೆ ನೋವು ತರುತ್ತದೆ. ನೆಲಗಡಲೆ, ಅಂದರೆ ಶೇಂಗಾ, ಒಗ್ಗದವರಿಗೆ ಅದು ಪ್ರಾಣಕ್ಕೇ ಅಪಾಯ ತರಬಹುದು. ಅಂಥವರು "ನನಗೆ ಇಷ್ಟವಿಲ್ಲ" ಎಂದು ತೇಲಿಸಿ ಹೇಳಬಾರದು. "ತಿಂದರೆ ಉಸಿರು ಕಟ್ಟುತ್ತದೆ" ಎಂದು ಕಾರಣವನ್ನೇ ಹೇಳಬೇಕು. 10 ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ವಿವರ ತಿಳಿಸಬೇಕೆಂದು 2020ರ ಆಹಾರ ಲೇಬಲ್ ನಿಯಮಗಳು ಹೇಳುತ್ತವೆ. ಹಳ್ಳಿಪೇಟೆಯ ಸಣ್ಣ ಹೋಟೆಲಿನಲ್ಲಿ ಅಂಥ ಫಲಕ ಸಿಗದು. ಬಾಯಿಬಿಟ್ಟು ಕೇಳುವುದೇ ದಾರಿ. ಅದೇ ಕಾರಣಕ್ಕೆ, ಇಷ್ಟವಿಲ್ಲದ್ದಕ್ಕೆಲ್ಲ "ಅಲರ್ಜಿ" ಎಂದು ಸುಳ್ಳು ಹೇಳಬೇಡಿ. ನಿಮ್ಮಿಂದ ಮೋಸಹೋದ ಅಡಿಗೆಯವರು, ನಾಳೆ ನಿಜವಾಗಿ ಅಲರ್ಜಿ ಇರುವವನ ಮಾತನ್ನೂ ನಂಬಲಾರರು.

"ಆಗುವುದಿಲ್ಲ" ಎಂದರೆ ಮುನಿಯಬೇಡಿ. ಅದೂ ಪ್ರಾಮಾಣಿಕ ಉತ್ತರವೇ. ಬೇರೆ ತಿಂಡಿ ಆರಿಸಿ. ಬದಲಿಗೆ ಕೊಟ್ಟದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೇಳಿದರೆ, ಮೊದಲೇ ತಿಳಿದುಕೊಂಡು ಕೊಡಿ. ಬಸ್ಸು ತುಂಬ ಬಂದಿದ್ದರೆ ನಲವತ್ತು ಜನ ನಲವತ್ತು ಬಗೆ ಹೇಳುವುದು ಸರಿಯಲ್ಲ. ಒಬ್ಬರು ಎಲ್ಲರನ್ನೂ ವಿಚಾರಿಸಿ, ಚೀಟಿಯಲ್ಲಿ ಬರೆದು ಒಟ್ಟಿಗೆ ತಿಳಿಸಿ. ಜೈನ ಗೆಳೆಯನಿದ್ದರೆ ಹೊತ್ತು ಮುಳುಗುವ ಮೊದಲೇ ಊಟದ ಏರ್ಪಾಡಾಗಲಿ.

ಹೋಟೆಲಿನ ಮಾತು ಬೇರೆ, ಪಂಕ್ತಿಯ ಮಾತು ಬೇರೆ. ದೇವಸ್ಥಾನದಲ್ಲೋ ಮದುವೆಮನೆಯಲ್ಲೋ ಎಲೆಯ ಮುಂದೆ ಕೂತಾಗ "ಇದರ ಬದಲು ಅದು ಕೊಡಿ" ಎನ್ನುವ ಕ್ರಮವಿಲ್ಲ. ಬೇಡವಾದದ್ದು ಬರುವಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎಂದರೆ ಮುಗಿಯಿತು. ಬಡಿಸಿದ ಮೇಲೆ ಚೆಲ್ಲುವುದು ಬೇಡ.

ಕೊನೆಯ ಮಾತು ಉಳಿದ ಗೆಳೆಯರಿಗೆ. ಒಬ್ಬ ತನ್ನ ನಿಯಮ ಹೇಳಿಕೊಂಡಾಗ "ಒಂದು ದಿನ ತಿಂದರೆ ಏನಾಗುತ್ತದೆ?" ಎಂದು ಕೆಣಕಬೇಡಿ. ಅವನು ಕೇಳಲು ಹಿಂಜರಿದರೆ ನೀವೇ ಅವನ ಪರವಾಗಿ ಕೇಳಿ. ಒಟ್ಟಿಗೆ ಹೋದವರು ಒಟ್ಟಿಗೇ ಉಂಡು ಏಳಬೇಕು.