ಜೊತೆಗಾರರಿಲ್ಲದ ಹದಿಹರೆಯ

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಾವೆಲ್ಲ ಎಣಿಸಿದ್ದು ಕೂಲಿ ಹೋದ ದಿನಗಳನ್ನು, ಅಂಗಡಿಯ ಸಾಲವನ್ನು. ಅದು ಸಹಜ. ಆದರೆ ಮನೆಯಲ್ಲಿದ್ದ ಹದಿನಾಲ್ಕು ಹದಿನೈದರ ಮಕ್ಕಳು ಜೊತೆಗಾರರನ್ನು ಕಳೆದುಕೊಂಡರು. ಆ ನಷ್ಟ ಸರ್ಕಾರದ ಯಾವ ಪರಿಹಾರದ ಪಟ್ಟಿಯಲ್ಲೂ ಕಾಣಲಿಲ್ಲ.

ಅಂದು ಎಲ್ಲೆಡೆ ಕೇಳಿದ ಮಾತು ‘ಸಾಮಾಜಿಕ ಅಂತರ’. ಮೈಗೂ ಮೈಗೂ ಅಂತರ ಬೇಕಿತ್ತು, ನಿಜ. ಆದರೆ ಸಾಮಾಜಿಕ ಅಂತರ ಏತಕ್ಕೆ? ಜಾತಿಯ ಹೆಸರಿನಲ್ಲಿ ಅದನ್ನು ಶತಮಾನಗಳಿಂದ ಕಂಡ ನಾಡು ನಮ್ಮದು. ‘ದೈಹಿಕ ಅಂತರ’ ಎನ್ನುವುದೇ ಸರಿ, ಜನ ಪರಸ್ಪರ ಸಂಪರ್ಕದಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಆ ಮಾರ್ಚ್‌ನಲ್ಲೇ ಹೇಳಿತು.

ಸಂಪರ್ಕ ಯಾವುದರಿಂದ? ಫೋನಿನಿಂದ. ಫೋನು ಯಾರ ಕೈಯಲ್ಲಿ? 2020ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ ಆರಂಭಿಸಿದಾಗ ಸರ್ಕಾರಿ ಶಾಲೆಯ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್ನೆಟ್ ಉಳ್ಳವರು, ಬರಿಯ ಫೋನುಳ್ಳವರು, ಏನೂ ಇಲ್ಲದವರು. ಒಂದೇ ಬೆಂಚಿನಲ್ಲಿ ಕುಳಿತವರು ಅಪ್ಪನ ಜೇಬಿಗೆ ತಕ್ಕಂತೆ ಬೇರೆಯಾದರು. ಅನೇಕ ಮನೆಗಳಲ್ಲಿ ಇದ್ದ ಒಂದು ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಅದು ಮೊದಲು ಮಗನಿಗೆ, ಆಮೇಲೆ ಮಗಳಿಗೆ. ಚಂದನ ವಾಹಿನಿಯಲ್ಲಿ ಪಾಠ ಬಂತು. ಪಕ್ಕದಲ್ಲಿ ಕೂರುವ ಗೆಳತಿ ಬರಲಿಲ್ಲ.

ಅದೇ ವಿದ್ಯಾಗಮದಲ್ಲಿ ಶಿಕ್ಷಕರು ದೇವಸ್ಥಾನದ ಜಗುಲಿಯಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿದರು. ಓಣಿಯ ಮಕ್ಕಳು ಮತ್ತೆ ಒಬ್ಬರನ್ನೊಬ್ಬರು ಕಂಡರು. ಸೋಂಕಿನ ವರದಿಗಳು ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ಭಯ ಸುಳ್ಳಲ್ಲ. ಹತ್ತನೆಯ ತರಗತಿಗೆ ಶಾಲೆ ತೆರೆದದ್ದು 2021ರ ಜನವರಿ 1ರಂದು. ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿತು.

ಹದಿಹರೆಯದ ಗೆಳೆತನವನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ಮನೆಯ ಹೊರಗೆ ನಾಲ್ವರೊಡನೆ ಬಾಳುವುದನ್ನು ಮಕ್ಕಳು ಕಲಿಯುವುದು ಸರೀಕರ ನಡುವೆ. ನಾವು ಸಂಘ ಕಟ್ಟಿದ್ದೂ ಗಿರಣಿಯ ಬಾಗಿಲಲ್ಲಿ, ಚಹಾದಂಗಡಿಯಲ್ಲಿ ಕೂಡಿದ್ದರಿಂದಲೇ. ಕೂಡುವ ಜಾಗವಿಲ್ಲದಿದ್ದರೆ ಸಂಘವೂ ಇಲ್ಲ, ಸ್ನೇಹವೂ ಇಲ್ಲ.

ಆದುದರಿಂದ ನಗರಸಭೆಯ ಮುಂದೆ ಈ ಬೇಡಿಕೆಗಳನ್ನು ಇಡೋಣ. ಪ್ರತಿ ಬಡಾವಣೆಗೂ ಆಟದ ಬಯಲು, ವಾಚನಾಲಯ ಬೇಕು. ಹುಡುಗಿಯರೂ ಅಳುಕಿಲ್ಲದೆ ಬರುವಂತಿರಬೇಕು. ಇನ್ನೊಂದು ಸಾಂಕ್ರಾಮಿಕ ಬಂದರೆ, ಮಕ್ಕಳು ಬಯಲಿನಲ್ಲಿ ಸಣ್ಣ ಗುಂಪಾಗಿ, ಎಚ್ಚರಿಕೆಯಿಂದ ಸೇರುವ ಏರ್ಪಾಡು ಮೊದಲೇ ಸಿದ್ಧವಿರಬೇಕು. ಉಳ್ಳವರ ಮಕ್ಕಳಿಗೆ ಮನೆಯಲ್ಲೇ ಎಲ್ಲವೂ ಇದೆ. ನಮ್ಮ ಮಕ್ಕಳಿಗೆ ಇರುವುದು ಊರಿನ ಬಯಲೊಂದೇ. ಅದನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು.